ಗ್ರೂಪ್ ಫೋಟೋದಲ್ಲಿ ಇಲ್ಲದವರು

ಕಳೆದ ಸಂಚಿಕೆಯಲ್ಲಿ ವಿಟಮಿನ್ ಡಿ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಸ್ನೇಹಿತರೊಬ್ಬರು ಬೇಸಿಗೆ ಪಿಕ್ನಿಕ್ಕಿನಲ್ಲಿ ಸಿಕ್ಕಿ, "ಡಾಕ್ಟ್ರೇ, ನಿಮ್ಮ ಮಾತು ಕೇಳಿ ದಿನಾ ಬಿಸಿಲಿಗೆ ಕೂತೆ. ಮುಖ ಕಪ್ಪಾಯಿತು, ವಿಟಮಿನ್ ಮಾತ್ರ ಏರಲಿಲ್ಲ" ಎಂದು ದೂರಿದರು. ಹಾಗಾಗಿ ಈ ಸಲ ಮದ್ದಿನ ಮಾತು ಬೇಡ, ಸಿನಿಮಾದ ಮಾತಾಡೋಣ ಎಂದುಕೊಂಡೆ. ಸಂಪಾದಕರೂ ಒಪ್ಪಿದರು. ಆದರೆ ಸಿನಿಮಾದಿಂದ ಶುರುವಾದ ಮಾತು ಕೊನೆಗೆ ನಮ್ಮ ಮನೆಯ ಹಿತ್ತಿಲಿಗೇ ಬಂದು ನಿಂತಿದೆ. ಓದುಗರು ಸಹಿಸಿಕೊಳ್ಳಬೇಕು.

ಕಳೆದ ಡಿಸೆಂಬರಿನಲ್ಲಿ ಮಗಳು ಕಾಲೇಜಿನ ರಜೆಗೆ ಮನೆಗೆ ಬಂದಿದ್ದಳು. ಹೊರಗೆ ಹಿಮ, ಒಳಗೆ ನನ್ನಾಕೆ ಮಾಡಿದ ಬಿಸಿಬೇಳೆ ಭಾತು. ಮೂವರೂ ಸೋಫಾದಲ್ಲಿ ಕೂತು 'ದಿ ಹೋಲ್ಡೋವರ್ಸ್' ನೋಡಿದೆವು. 2023ರಲ್ಲಿ ಬಂದ, ಅಲೆಕ್ಸಾಂಡರ್ ಪೇನ್ ನಿರ್ದೇಶಿಸಿದ ಚಿತ್ರ. ಕಥೆ ನಡೆಯುವುದು 1970ರ ಡಿಸೆಂಬರಿನಲ್ಲಿ, ನ್ಯೂ ಇಂಗ್ಲೆಂಡಿನ ಬಾರ್ಟನ್ ಎಂಬ ಕಾಲ್ಪನಿಕ ಬೋರ್ಡಿಂಗ್ ಶಾಲೆಯಲ್ಲಿ. ಕ್ರಿಸ್‌ಮಸ್ ರಜೆಗೆ ಮನೆಗೆ ಹೋಗಲಾಗದೆ ಶಾಲೆಯಲ್ಲೇ ಉಳಿದ ಹುಡುಗರು, ಅವರನ್ನು ಕಾಯಲು ಸಿಕ್ಕಿಬಿದ್ದ ಸಿಡುಕಿನ ಇತಿಹಾಸದ ಮೇಷ್ಟ್ರು, ಜೊತೆಗೆ ಅಡುಗೆಮನೆಯ ಮೇಲ್ವಿಚಾರಕಿ ಮೇರಿ ಲ್ಯಾಂಬ್.

ಈ ಮೇರಿ ಕಪ್ಪು ಜನಾಂಗದ ಹೆಂಗಸು. ಅವಳು ಆ ಶಾಲೆಯಲ್ಲಿ ಅಡುಗೆಗೆ ಸೇರಿದ್ದೇ ತನ್ನ ಮಗ ಕರ್ಟಿಸ್ ಅಲ್ಲಿ ಓದಲಿ ಎಂದು. ಮಗ ಓದಿ ಮುಗಿಸುತ್ತಾನೆ. ಆದರೆ ಕಾಲೇಜಿಗೆ ಕಟ್ಟಲು ಹಣವಿಲ್ಲ. ಆಗ ವಿಯೆಟ್ನಾಂ ಯುದ್ಧದ ಕಾಲ. ಕಾಲೇಜಿನಲ್ಲಿ ಓದುವ ಹುಡುಗರಿಗೆ ಸೈನ್ಯದ ಕರೆಯನ್ನು ಮುಂದೂಡುವ ಅವಕಾಶವಿತ್ತು, ಕಾಲೇಜಿಗೆ ಹೋಗಲಾಗದವರಿಗೆ ಇರಲಿಲ್ಲ. ಸಹಪಾಠಿಗಳು ಕಾಲೇಜು ಸೇರಿದರು, ಕರ್ಟಿಸ್ ಯುದ್ಧಕ್ಕೆ ಹೋಗಿ ಹೆಣವಾದ. ಮಗ ಸತ್ತ ಮೇಲೂ ಮೇರಿ ಅದೇ ಅಡುಗೆಮನೆಯಲ್ಲಿ ಬೇರೆಯವರ ಮಕ್ಕಳಿಗೆ ಬಡಿಸುತ್ತಿರುತ್ತಾಳೆ. ಈ ಪಾತ್ರ ಮಾಡಿದ ಡವೈನ್ ಜಾಯ್ ರಾಂಡಾಲ್ಫ್‌ಗೆ 2024ರಲ್ಲಿ ಪೋಷಕ ನಟಿಯ ಆಸ್ಕರ್ ಬಂತು. ತನ್ನ ತಂಗಿಗೆ ಹುಟ್ಟಲಿರುವ ಮಗುವಿಗೆಂದು ಕರ್ಟಿಸ್‌ನ ಎಳೆತನದ ಬಟ್ಟೆಗಳನ್ನು ಅವಳು ಎತ್ತಿ ಕೊಡುವ ದೃಶ್ಯದಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಸಿನಿಮಾ ಮುಗಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ಆವಾಗ ಅಂಥ ಸ್ಕೂಲಲ್ಲಿ ನನ್ನಂಥವರು ಇರ್ತಿದ್ರಾ?"

ಚಿತ್ರದಲ್ಲಿ ಕೊರಿಯಾದ ಒಬ್ಬ ಚಿಕ್ಕ ಹುಡುಗನಿದ್ದಾನೆ, ಊರು ದೂರವೆಂದು ರಾತ್ರಿ ಅಳುತ್ತಾನೆ. ನಮ್ಮ ಕಡೆಯ ಮುಖ ಒಂದೂ ಇಲ್ಲ. ಇಲ್ಲದಿರುವುದಕ್ಕೆ ಕಾರಣವೂ ಇದೆ. 1946ರ ಲ್ಯೂಸ್-ಸೆಲ್ಲರ್ ಕಾಯ್ದೆಯ ಪ್ರಕಾರ ಇಡೀ ಭಾರತದಿಂದ ಇಲ್ಲಿ ನೆಲೆಸಲು ಬರಬಹುದಾಗಿದ್ದವರ ಸಂಖ್ಯೆ ವರ್ಷಕ್ಕೆ 100. ಹೌದು, ನೂರೇ. ಈಗ ನಮ್ಮ ಕೂಟದ ಒಂದು ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಜನ ಸಾಲಿನಲ್ಲಿ ನಿಂತಿರುತ್ತಾರೆ. ಅಂಥ ಕಾಲದಲ್ಲೂ ದಲೀಪ್ ಸಿಂಗ್ ಸೌಂದ್ ಎಂಬ ಪಂಜಾಬಿನ ಮನುಷ್ಯ 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು ಎಂಬುದು ಬೇರೆ ಆಶ್ಚರ್ಯ. ಬಾಗಿಲು ನಿಜವಾಗಿ ತೆರೆದದ್ದು 1965ರ ಅಕ್ಟೋಬರ್ 3ರಂದು. ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದ್ದು ನಮ್ಮ ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲೇ, ಆ ಪ್ರತಿಮೆಯ ಬುಡದಲ್ಲಿ. ಊರಿನಿಂದ ಅಪ್ಪ ಅಮ್ಮ ಬಂದಾಗಲೆಲ್ಲ ನಾವು ಫೆರ್ರಿ ಹತ್ತಿಸಿ ಕರೆದುಕೊಂಡು ಹೋಗುವುದು ಅಲ್ಲಿಗೇ. ಈ ಕಥೆಯನ್ನು ಹೇಳಿದವರು ಎಷ್ಟು ಜನ? ನಾನಂತೂ ಹೇಳಿರಲಿಲ್ಲ.

ಮಾರನೇ ದಿನ ಮಗಳ ಹಟಕ್ಕೆ ಹಳೆಯ 'ಡೆಡ್ ಪೊಯೆಟ್ಸ್ ಸೊಸೈಟಿ'ಯನ್ನೂ ನೋಡಿದೆವು. ಪೀಟರ್ ವಿಯರ್ ನಿರ್ದೇಶಿಸಿದ್ದು, 1989ರಲ್ಲಿ ಬಂದದ್ದು, ರಾಬಿನ್ ವಿಲಿಯಮ್ಸ್ ಮೇಷ್ಟ್ರು. ಕಥೆ 1959ರದು, ನಡೆಯುವುದು ವರ್ಮಾಂಟಿನ ಶಾಲೆಯೊಂದರಲ್ಲಿ ಎಂದು ಹೇಳಿದರೂ ಚಿತ್ರೀಕರಣವಾದದ್ದು ಇಲ್ಲೇ ಪಕ್ಕದ ಡೆಲವೇರಿನ ಸೇಂಟ್ ಆಂಡ್ರೂಸ್ ಶಾಲೆಯಲ್ಲಿ. ಮುಖ್ಯ ಪಾತ್ರದ ಹುಡುಗರೆಲ್ಲ ಬಿಳಿಯರು. ಆ ಹುಡುಗರ ಊಟ ಬೇಯಿಸಿದವರು ಯಾರು, ಹಾಸಿಗೆ ಬಟ್ಟೆ ಒಗೆದವರು ಯಾರು ಎಂಬ ಗೊಡವೆ ಆ ಕಥೆಗಿಲ್ಲ.

ಆದರೆ ಒಂದು ತಮಾಷೆ ನೋಡಿ. ಮುಖ ಒಂದೂ ನಮ್ಮದಲ್ಲದ ಆ ಚಿತ್ರದಲ್ಲಿ ಒಬ್ಬ ಅಪ್ಪ ಇದ್ದಾನಲ್ಲ, ಅವನು ಅಪ್ಪಟ ನಮ್ಮವನು. ನೀಲ್ ಎಂಬ ಹುಡುಗನಿಗೆ ನಾಟಕದ ಹುಚ್ಚು. ಷೇಕ್ಸ್‌ಪಿಯರನ ನಾಟಕದಲ್ಲಿ ಪಕ್ ಪಾತ್ರ ಮಾಡಿ ಭೇಷ್ ಅನ್ನಿಸಿಕೊಳ್ಳುತ್ತಾನೆ. ಅಪ್ಪನಿಗೆ ಅದು ಬೇಡ. ಮಿಲಿಟರಿ ಶಾಲೆಗೆ ಹಾಕುತ್ತೇನೆ, ಆಮೇಲೆ ಹಾರ್ವರ್ಡ್, ಆಮೇಲೆ ಡಾಕ್ಟರಿಕೆ ಎಂದು ಪಟ್ಟಿ ಓದುತ್ತಾನೆ. ಪಕ್ಕದಲ್ಲಿ ತಾಯಿ ಬಾಯಿ ಬಿಡುವುದಿಲ್ಲ. ಆ ರಾತ್ರಿ ಹುಡುಗ ಅಪ್ಪನ ಬಂದೂಕಿನಿಂದಲೇ ಪ್ರಾಣ ಕಳೆದುಕೊಳ್ಳುತ್ತಾನೆ.

ನನ್ನಾಕೆ ನನ್ನ ಕಡೆ ತಿರುಗಿ ನೋಡಿದಳು. ನಮ್ಮ ಮಗಳು ಎರಡನೇ ವರ್ಷದಲ್ಲಿ ಮೆಡಿಕಲ್ ದಾರಿ ಬಿಟ್ಟು ಇತಿಹಾಸ ಓದುತ್ತೇನೆ ಎಂದಾಗ ನಾನು ಮೂರು ವಾರ ಅವಳ ಫೋನಿಗೆ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಈಗ ಅವಳು ಪಕ್ಕದಲ್ಲೇ ಕೂತು ಪಾಪ್‌ಕಾರ್ನ್ ತಿನ್ನುತ್ತಿದ್ದಳು. ಡಾಕ್ಟರಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳು ಇದ್ದಕ್ಕಿದ್ದಂತೆ ಮೌನವಾದರೆ ಹತ್ತಿರ ಕೂತು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ದೇಶದಲ್ಲಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಯಾರು ಬೇಕಾದರೂ ಮಾಡಬಹುದು.

ಈಗ ವಿಷಯಕ್ಕೆ ಬರೋಣ. ಹಳೆಯ ಕಾಲದ ಶಾಲೆಯ ಚಿತ್ರ ತೆಗೆಯುವವರಿಗೆ ಇವತ್ತು ಒಂದು ಪೇಚು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಬರೀ ಬಿಳಿ ಮುಖಗಳು. ನಾಲ್ಕು ಬಣ್ಣದ ಮುಖಗಳನ್ನು ತಂದು ಕೂರಿಸಿದರೆ, ಆ ಕಾಲದಲ್ಲಿ ಎಲ್ಲ ಚೆನ್ನಾಗಿಯೇ ಇತ್ತು ಎಂಬ ಸುಳ್ಳು. ಬಾಗಿಲು ಹಾಕಿದ್ದವರಿಗೆ ಬಾಗಿಲು ತೆರೆದಿದ್ದರು ಎಂದು ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ. 'ಹೋಲ್ಡೋವರ್ಸ್' ಹಿಡಿದದ್ದು ಇನ್ನೊಂದು ದಾರಿ. ಅದು ಕ್ಯಾಮೆರಾವನ್ನು ಕ್ಲಾಸಿನಿಂದ ಅಡುಗೆಮನೆಯ ಕಡೆಗೂ ತಿರುಗಿಸಿತು. ಅಲ್ಲಿ ಮೇರಿ ಇದ್ದಳು, ಮೊದಲಿನಿಂದಲೂ ಇದ್ದಳು. ನೋಡುವವರು ಇರಲಿಲ್ಲ ಅಷ್ಟೆ.

ಮತ್ತೊಂದು ದಾರಿಯೂ ಇದೆ, ಬೇರೆ ಶಾಲೆಯ ಕಥೆ ಹೇಳುವುದು. ಅದಕ್ಕೆ ನ್ಯೂ ಇಂಗ್ಲೆಂಡಿಗೆ ಹೋಗಬೇಕಿಲ್ಲ. ರಾಬಿನ್ಸ್‌ವಿಲ್ಲಿನ ಅಕ್ಷರಧಾಮಕ್ಕೆ ನಾವೆಲ್ಲ ಹೋಗಿಬಂದಿದ್ದೇವೆ. ಟರ್ನ್‌ಪೈಕಿನಲ್ಲಿ 7ಎ ದಾಟಿ ದಕ್ಷಿಣಕ್ಕೆ ಹೋದರೆ ಮುಂದಿನ 7ನೇ ಎಕ್ಸಿಟ್ಟೇ ಬಾರ್ಡನ್‌ಟೌನ್. ಅಲ್ಲಿ 1886ರಲ್ಲಿ ವಾಲ್ಟರ್ ರೈಸ್ ಎಂಬ ಪಾದ್ರಿ ಕಪ್ಪು ಮಕ್ಕಳಿಗಾಗಿ ಒಂದು ಬೋರ್ಡಿಂಗ್ ಶಾಲೆ ತೆಗೆದರು. ಆತ ಗುಲಾಮಗಿರಿಯಲ್ಲಿ ಹುಟ್ಟಿದವರು. ಮುಂದೆ ರಾಜ್ಯ ಸರ್ಕಾರವೇ ಅದನ್ನು ವಹಿಸಿಕೊಂಡಿತು. ದೊಡ್ಡ ಹೆಸರು ಮ್ಯಾನ್ಯುಯಲ್ ಟ್ರೈನಿಂಗ್ ಅಂಡ್ ಇಂಡಸ್ಟ್ರಿಯಲ್ ಸ್ಕೂಲ್ ಫಾರ್ ಕಲರ್ಡ್ ಯೂತ್, ಜನರ ಬಾಯಲ್ಲಿ ಬಾರ್ಡನ್‌ಟೌನ್ ಶಾಲೆ. ಡೆಲವೇರ್ ನದಿಯ ದಂಡೆಯ ಮೇಲೆ ಸುಮಾರು 400 ಎಕರೆ ಜಾಗ. ಪಾಠದ ಜೊತೆಗೆ ಬೇಸಾಯ, ಮರಗೆಲಸ, ಹೊಲಿಗೆ. ದಕ್ಷಿಣದ ಪ್ರಸಿದ್ಧ ಟಸ್ಕೀಗಿ ಸಂಸ್ಥೆಗೆ ಹೋಲಿಸಿ ಇದನ್ನು 'ಉತ್ತರದ ಟಸ್ಕೀಗಿ' ಎನ್ನುತ್ತಿದ್ದರು.

ಅದು ಮುಚ್ಚಿದ ಬಗೆ ಇನ್ನೂ ವಿಚಿತ್ರ. ನ್ಯೂಜೆರ್ಸಿಯ 1947ರ ಸಂವಿಧಾನ ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸಬಾರದು ಎಂದಿತು, ಅಂದರೆ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿಗಿಂತ 7 ವರ್ಷ ಮೊದಲೇ. ಬಹಳ ಒಳ್ಳೆಯ ಮಾತು. ಬಾರ್ಡನ್‌ಟೌನ್ ಶಾಲೆಯೂ ಬಿಳಿಯ ಮಕ್ಕಳಿಗೆ ಬಾಗಿಲು ತೆರೆಯಿತು. ಅವರು ಬರಲಿಲ್ಲ. 1955ರಲ್ಲಿ ಶಾಲೆಗೇ ಬೀಗ ಬಿತ್ತು. ನೀಲ್ ನಾಟಕದಲ್ಲಿ ಕುಣಿಯುವ ಆ 1959ಕ್ಕೆ ಬರೀ 4 ವರ್ಷ ಹಿಂದಿನ ಮಾತು ಇದು. ಈ ಶಾಲೆಯ ಬಗ್ಗೆ 2010ರಲ್ಲಿ ಒಂದು ಸಾಕ್ಷ್ಯಚಿತ್ರ ಬಂದಿದೆ, 'ಎ ಪ್ಲೇಸ್ ಔಟ್ ಆಫ್ ಟೈಮ್' ಎಂದು. ಮಕ್ಕಳ ಜೊತೆ ಕೂತು ನೋಡಿ.

ಇಷ್ಟೆಲ್ಲ ನಾನು ಮಗಳಿಗೆ ಬಹಳ ಉತ್ಸಾಹದಿಂದ ಹೇಳಿದೆ. ಬೇರೆಯವರ ಎಲೆಯ ಮೇಲಿನ ನೊಣ ನಮಗೆ ಬೇಗ ಕಾಣುತ್ತದಲ್ಲ! ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಸ್ಕೂಲ್ ಹೇಗಿತ್ತು ಅಪ್ಪಾ?" ಎಂದಳು.

ನಮ್ಮಲ್ಲೂ ಇಂಥ ಸಿನಿಮಾ ಇದೆಯಮ್ಮ ಎಂದು ಜಾರಿಕೊಳ್ಳಲು ನೋಡಿದೆ. 'ಅಮೇರಿಕಾ ಅಮೇರಿಕಾ' ತೆಗೆದ ನಾಗತಿಹಳ್ಳಿ ಚಂದ್ರಶೇಖರ್ ಅದಕ್ಕೂ ಮೊದಲು, 1994ರಲ್ಲಿ, ಕುಂ. ವೀರಭದ್ರಪ್ಪನವರ ಕಥೆಯಿಂದ 'ಕೊಟ್ರೇಶಿ ಕನಸು' ಮಾಡಿದ್ದರು. ದಲಿತ ಹುಡುಗನೊಬ್ಬ ಪರೀಕ್ಷೆ ಪಾಸಾಗಿ ಮುಂದೆ ಓದುವ ಕನಸು ಕಾಣುವುದೇ ಊರಿಗೆ ಅಪರಾಧವಾಗುವ ಕಥೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಕೊಟ್ರೇಶಿಯಾದ ವಿಜಯ ರಾಘವೇಂದ್ರನಿಗೆ ಬಾಲನಟ ಪ್ರಶಸ್ತಿ ಬಂತು. ಬಾರ್ಡನ್‌ಟೌನ್ ಶಾಲೆ ಹುಟ್ಟಿ 6 ವರ್ಷಕ್ಕೆ, 1892ರಲ್ಲಿ, ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆಗೆದದ್ದನ್ನೂ, ಅದಕ್ಕಾಗಿ ಅವರ ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದ್ದನ್ನೂ ಹೇಳಿದೆ.

"ಅದಲ್ಲ ಅಪ್ಪಾ, ನಿಮ್ಮ ಸ್ಕೂಲು."

ನಮ್ಮ ಊರಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ 'ಸವಿ ಸವಿ ನೆನಪು' ಎಂಬ ತಲೆಬರಹದಲ್ಲಿ ಯಾರೋ ಏಳನೇ ಕ್ಲಾಸಿನ ಗ್ರೂಪ್ ಫೋಟೋ ಹಾಕಿದ್ದರು. 1983ರದು. ಅದನ್ನೇ ತೆಗೆದು ಕೊಟ್ಟೆ. ಮಧ್ಯದ ಕುರ್ಚಿಗಳಲ್ಲಿ ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ಹುಡುಗರು, ಮುಂದೆ ನೆಲದ ಮೇಲೆ ನಾಲ್ಕು ಹುಡುಗಿಯರು. ಒಟ್ಟು 19 ಮಕ್ಕಳು. ಒಂದನೇ ಕ್ಲಾಸಿನಲ್ಲಿ ನಾವು 40 ಜನ ಇದ್ದೆವು. ಹುಡುಗಿಯರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದಳು, ಹೇಳಿದೆ. ಆಮೇಲೆ ಎರಡು ಬೆರಳಿನಲ್ಲಿ ಫೋಟೋ ಹಿಗ್ಗಿಸಿ ಎಡತುದಿಯನ್ನು ತೋರಿಸಿದಳು. "ಕಾಂಪೌಂಡ್ ಹಿಂದೆ ತಲೆ ಕಾಣ್ತಿದೆಯಲ್ಲ, ಇದು ಯಾರು?"

ನನಗೆ ಗೊತ್ತಿತ್ತು. 40 ವರ್ಷದಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹೆಸರು ಬೇಡ. ನಾಲ್ಕನೇ ಕ್ಲಾಸಿನವರೆಗೆ ಅವನು ನಮ್ಮ ಜೊತೆಗೇ ಓದಿದ. ಬಾಯಿಲೆಕ್ಕದಲ್ಲಿ ನನಗಿಂತ ಮುಂದು. ಕೇರಿಯ ಹುಡುಗ, ಕಿಟಕಿಯ ಹತ್ತಿರ ಬೇರೆ ಕೂರುತ್ತಿದ್ದ. ಶಾಲೆಯ ಮೂಲೆಯಲ್ಲಿ ನೀರಿನ ಹರವಿ ಇತ್ತು. ನಾವು ಲೋಟ ಅದ್ದಿ ಕುಡಿಯುತ್ತಿದ್ದೆವು. ಅವನು ಬೊಗಸೆ ಒಡ್ಡಿ ನಿಲ್ಲುತ್ತಿದ್ದ, ಯಾರಾದರೂ ಮೇಲಿನಿಂದ ಸುರಿಯಬೇಕಿತ್ತು. ಎಷ್ಟೋ ಸಲ ಸುರಿದವನು ನಾನೇ. ಶಾಲೆ ಗುಡಿಸುವ ಪಾಳಿ ಎಲ್ಲರದು ಎಂದು ಗೋಡೆಯ ಮೇಲೆ ಬರೆದಿತ್ತು, ಗುಡಿಸುತ್ತಿದ್ದವನು ಅವನು.

ಐದನೇ ಕ್ಲಾಸಿಗೆ ಅವನು ಬರಲಿಲ್ಲ. ಅವನಪ್ಪ ನನ್ನ ತಾತನ ಹತ್ತಿರ ಸಾಲ ಮಾಡಿದ್ದ. ಹುಡುಗ ನಮ್ಮ ಮನೆಯ ದನ ಕಾಯಲು ಬಂದ. ಜೀತ ಪದ್ಧತಿ 1976ರ ಕಾಯ್ದೆಯಲ್ಲೇ ರದ್ದಾಗಿತ್ತು. ನಮ್ಮ ಮನೆಯಲ್ಲಿ ಅದನ್ನು ಜೀತ ಎನ್ನುತ್ತಿರಲಿಲ್ಲ, 'ಮನೇಲಿರ್ತಾನೆ' ಎನ್ನುತ್ತಿದ್ದರು. ಬೆಳಿಗ್ಗೆ ನಾನು ಚೀಲ ಹೆಗಲಿಗೇರಿಸಿ ಹೊರಡುವಾಗ ಅವನು ಕೊಟ್ಟಿಗೆಯಿಂದ ದನ ಬಿಚ್ಚುತ್ತಿದ್ದ. ಫೋಟೋದ ದಿನ ಬೆಂಚುಗಳನ್ನು ಮರದ ಕೆಳಕ್ಕೆ ಹೊತ್ತು ಹಾಕಲು ಅವನನ್ನೇ ಕರೆದರು. ಬೆಂಚು ಹಾಕಿದ ಮೇಲೆ ಆಚೆ ಹೋಗು ಎಂದರು. ಹೋದ, ಆದರೆ ಗೋಡೆಯ ಮೇಲಿಂದ ಇಣುಕಿದ.

ಮೇರಿ ಲ್ಯಾಂಬ್‌ಳನ್ನು ನೋಡಿ ಕಣ್ಣೊರೆಸಿಕೊಂಡಿದ್ದೆನಲ್ಲ. ನನ್ನ ಎಂಬಿಬಿಎಸ್, ಎಂಡಿಗಳ ಲೆಕ್ಕದಲ್ಲಿ ಅಪ್ಪ ಕಟ್ಟಿದ ಫೀಸು ಇದೆ, ಅಮ್ಮನ ಹರಕೆ ಇದೆ, ನನ್ನ ರಾತ್ರಿ ಓದು ಇದೆ. ಆ ಹುಡುಗ ಕಾದ ದನಗಳ ಹಾಲಿನ ದುಡ್ಡು ಮಾತ್ರ ಆ ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಮಗಳು ಬಯ್ಯಲಿಲ್ಲ. "ಈಗ ಎಲ್ಲಿದ್ದಾರೆ ಅವರು?" ಎಂದಳು, ಅಷ್ಟೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ದಿನಾ ಬೆಳಿಗ್ಗೆ ಹೂವಿನ ಚಿತ್ರ, ಸುಭಾಷಿತ ಕಳಿಸುವ ಗುಂಪು ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಒಬ್ಬ ಗೆಳೆಯ ಬೇರೆಯಾಗಿ ನಂಬರ್ ಕಳಿಸಿದ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟೊಂದರ ಕಾವಲು ಕೆಲಸ, ಮಗ ಆಟೋ ಓಡಿಸುತ್ತಾನಂತೆ.

ಫೋನ್ ಮಾಡಿ ಊರು, ಮನೆತನ ಹೇಳಿದೆ. "ಓ, ಚಿಕ್ಕಬುದ್ಯೋರಾ?" ಎಂದ. "ಅಮೇರಿಕಾದಲ್ಲವ್ರೆ ಅಂತಿದ್ರು. ಚೆನ್ನಾಗಿದೀರಾ ಬುದ್ದಿ?"

"ಹಂಗನ್ಬೇಡ ಕಣೋ, ಒಂದೇ ಕ್ಲಾಸಿನವರು, ಹೆಸರಿಡಿದು ಕರಿ" ಎಂದೆ. ನಕ್ಕ. ಕರೆಯಲಿಲ್ಲ. ನಾನು 'ಕಣೋ' ಎಂದದ್ದು ಗೆಳೆತನದ ಸಲುಗೆಯೋ ಹಳೆಯ ಅಭ್ಯಾಸವೋ ನನಗೇ ತಿಳಿಯಲಿಲ್ಲ. ಫೋಟೋದ ವಿಷಯ ಎತ್ತಿದೆ. ಕ್ಷಮಿಸು ಎಂದು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ, ಅರ್ಧ ಹೇಳಿದೆ, ಅಷ್ಟರಲ್ಲಿ ಅವನೇ ಮಾತು ತೆಗೆದುಕೊಂಡ. "ಬೆಂಚ್ ಹೊತ್ತಿದ್ದು ಗ್ಯಾಪ್ಕ ಐತೆ ಬುದ್ದಿ. ನಾನು ಅದ್ರಲ್ಲಿ ಕಾಣ್ತೀನಾ? ದಿಟ್ವಾಗ್ಲೂ? ಹಂಗಾದ್ರೆ ಕಳ್ಸಿ. ಮೊಮ್ಮಗ್ಳಿಗೆ ತೋರುಸ್ಬೇಕು. ನಾನೂ ಇಸ್ಕೂಲಿಗೋಗಿದ್ದೆ ಅಂದ್ರೆ ನಂಬಾಕಿಲ್ಲ ಅವ್ಳು."

ಫೋಟೋ ಕಳಿಸಿದೆ. ಮೊಮ್ಮಗಳ ಓದಿನ ಬಗ್ಗೆ ಅವನ ಮಗನ ಜೊತೆ ಮಾತು ನಡೆದಿದೆ. ಅದು ದಾನವಲ್ಲ, ಹಳೆಯ ಬಾಕಿ. ಅದರ ವಿವರ ಇಲ್ಲಿ ಬೇಡ.

ಕೊನೆಯದಾಗಿ ನಮ್ಮ ಕೂಟಗಳ ಮಾತು. ನಾವೂ ವರ್ಷಕ್ಕೊಮ್ಮೆ ಮಕ್ಕಳಿಂದ ಹಳೆಯ ಕಾಲದ ನಾಟಕ ಆಡಿಸುತ್ತೇವೆ. ಬೆಳ್ಳಗಿನ ಮಗುವನ್ನು ಹುಡುಕಿ ತಂದು, ಮುಖಕ್ಕೆ ನೀಲಿ ಬಳಿದು ಕೃಷ್ಣ ಮಾಡುತ್ತೇವೆ. ಕೃಷ್ಣ ಎಂದರೇ ಕಪ್ಪು! ನಿಜವಾಗಿ ಕಪ್ಪಗಿರುವ ಮಗುವಿಗೆ ಪೂತನಿಯ ಪಾತ್ರ, ಇಲ್ಲವೇ ರಕ್ಕಸನ ಪರಿವಾರ. ಹಳ್ಳಿ ಶಾಲೆಯ ಪ್ರಹಸನವಾದರೆ ಮೇಷ್ಟ್ರು, ತುಂಟ ಹುಡುಗರು, ಜವಾನ ಇರುತ್ತಾರೆ. ಕಿಟಕಿಯ ಹತ್ತಿರ ಬೇರೆ ಕೂತವನು ಇರುವುದಿಲ್ಲ. ಹಾಲಿವುಡ್ಡಿನಲ್ಲಿ ನಮ್ಮ ಮುಖ ಕಾಣುವುದಿಲ್ಲ ಎಂದು ನಮ್ಮ ಮಕ್ಕಳು ಕೇಳುವುದು ನ್ಯಾಯವೇ. ನಮ್ಮ ವೇದಿಕೆಯ ಮೇಲೆ ಯಾರ ಮುಖ ಕಾಣುವುದಿಲ್ಲ ಎಂದೂ ಅದೇ ಮಕ್ಕಳು ಕೇಳುತ್ತಾರೆ, ಕೇಳಬೇಕು.

ಈ ಹಬ್ಬದ ರಜೆಯಲ್ಲಿ ಒಂದು ಕೆಲಸ ಮಾಡಿ. ಪೆಟ್ಟಿಗೆಯ ತಳದಲ್ಲಿರುವ ನಿಮ್ಮ ಶಾಲೆಯ ಗ್ರೂಪ್ ಫೋಟೋ ತೆಗೆದು ಮಕ್ಕಳ ಕೈಗೆ ಕೊಡಿ. ನಿಮ್ಮ ಮುಖ ಎಲ್ಲಿದೆ ಎಂದು ಅವರು ಹುಡುಕಿ ನಗಲಿ. ಆಮೇಲೆ ಒಂದನೇ ಕ್ಲಾಸಿನ ಹಾಜರಿ ಪುಸ್ತಕದ ಹೆಸರುಗಳನ್ನು ನೆನಪಿದ್ದಷ್ಟು ಹೇಳಿ, ಫೋಟೋದ ತಲೆಗಳನ್ನು ಎಣಿಸಿ. ಉಳಿದವರ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಬಲ್ಲವರು ನೀವೊಬ್ಬರೇ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಮದ್ದಿನ ಮಾತು, ಮಂಡಿ ನೋವಿನ ಬಗ್ಗೆ ಬರೆಯುತ್ತೇನೆ.